ಉಸಿರು ಹಾಸು, ನಾಲಗೆ ಹೊಕ್ಕು

ಊದುವ ವಾದ್ಯಗಳ ವಿಷಯ ಬಂದಾಗಲೆಲ್ಲ ಸ್ನೇಹಿತರು ನನ್ನನ್ನು ಒಂದು ಪ್ರಶ್ನೆ ಕೇಳುವುದುಂಟು. ವಾದ್ಯ ಒಂದೇ, ತೂತುಗಳು ಅವೇ, ರಾಗವೂ ಅದೇ. ಆದರೂ ಒಬ್ಬನು ಊದಿದರೆ ಬೀದಿಯ ಜನ ನಿಂತು ಕೇಳುತ್ತಾರೆ. ಇನ್ನೊಬ್ಬನು ಊದಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಇದಕ್ಕೆ ಕಾರಣವೇನು? ದೈವದತ್ತವಾದ ಕಂಠವೆಂಬುದು ಹಾಡುಗಾರರಿಗೆ ಇರಬಹುದು. ಮರದ ಕೊಳವೆಗೆ ಅದು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳುವುದು ಇಂದಿನ ಭಾಷಣದ ಉದ್ದೇಶ. ನಾನು ದೊಡ್ಡ ವಾದಕನಲ್ಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಶಾಲಾ ಮಾಸ್ತರನಾಗಿ ನಿವೃತ್ತನಾದವನು. ಆದರೆ ಹದಿನೆಂಟನೆಯ ವಯಸ್ಸಿನಿಂದ ಸನಾದಿಯನ್ನು ಕೈಬಿಟ್ಟವನಲ್ಲ. ಕೆಟ್ಟ ದನಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಂತ ಅನುಭವದಿಂದ ಬಲ್ಲೆ. ಒಳ್ಳೆಯ ದನಿಯ ದಾರಿಯನ್ನು ತೋರಿಸಿದವರು ಬೇರೊಬ್ಬರು.

ಸನಾದಿ ಎಂದರೆ ಶಹನಾಯಿಗೆ ನಮ್ಮ ಕಡೆಯ ಹೆಸರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಈ ಸೀಮೆ ಕೃಷ್ಣೆ ಮತ್ತು ಘಟಪ್ರಭೆಯರ ನೀರುಂಡ ನಾಡು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನು ಮುಧೋಳದವನು. ‘ಕಿಸ್ಮತ್’ ಚಿತ್ರದ ಹಾಡುಗಳಿಂದ 1943ರಲ್ಲಿ ಭಾರತಕ್ಕೆಲ್ಲ ಪರಿಚಿತಳಾದ ಅಮೀರಬಾಯಿ ಕರ್ನಾಟಕಿ ಬೀಳಗಿಯವಳು. ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನಗಳಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಅರಸರು ಹೋದರೂ ಮದುವೆ, ಜಾತ್ರೆ, ತೇರುಗಳು ನಿಲ್ಲಲಿಲ್ಲ. ಅಲ್ಲೆಲ್ಲ ಕರಡಿ ಮಜಲು ಇರಲೇಬೇಕು. ಕರಡಿಯೆಂಬ ದೊಡ್ಡ ಚರ್ಮವಾದ್ಯದ ಗುಡುಗು, ತಾಳದ ಕಿಣಿಕಿಣಿ, ಅವೆರಡರ ಮೇಲೆ ತೇಲಿ ಬರುವ ಸನಾದಿ. ಈ ವಾದ್ಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಭಜಂತ್ರಿ ಮನೆತನದವರು. ಬೀಳಗಿ ಸೀಮೆಯ ಅಪ್ಪಣ್ಣನೆಂಬ ಸನಾದಿ ವಾದಕನ ಹೆಸರು ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದಲೂ 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಿಂದಲೂ ನಾಡಿನ ಮನೆಮನೆಗೆ ತಲುಪಿತು. ಆ ಚಿತ್ರದಲ್ಲಿ ರಾಜಕುಮಾರರು ಕೈಯಲ್ಲಿ ಹಿಡಿದ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್.

ಮೊದಲು ವಾದ್ಯದ ರಚನೆಯನ್ನು ನೋಡೋಣ. ಸನಾದಿಯ ಮರದ ಕೊಳವೆ ಬಾಯಿಯ ಬಳಿ ಕಿರಿದಾಗಿದ್ದು ಕೆಳಕ್ಕೆ ಬರಬರುತ್ತ ಅಗಲವಾಗುತ್ತದೆ. ತುದಿಗೆ ದತ್ತೂರಿ ಹೂವಿನಂತೆ ಅರಳಿದ ಲೋಹದ ಬಾಯಿ. ಮೇಲ್ತುದಿಯ ಸಣ್ಣ ಲೋಹದ ಕೊಳವೆಗೆ ಜೊಂಡಿನಿಂದ ಮಾಡಿದ ಪತ್ತಿಯನ್ನು ಸಿಕ್ಕಿಸುತ್ತಾರೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಈ ಪತ್ತಿಯೇ ವಾದ್ಯದ ಜೀವ. ಅದರ ತೆಳುವಾದ ತುಟಿಗಳ ನಡುವೆ ಉಸಿರು ನುಗ್ಗಿದಾಗ ಅವು ಬಡಿದು ಬೇರ್ಪಟ್ಟು ಕಂಪಿಸುತ್ತವೆ. ಆ ಕಂಪನ ಕೊಳವೆಯೊಳಗಿನ ಗಾಳಿಯ ಕಂಬವನ್ನು ಅಲುಗಿಸುತ್ತದೆ. ತೂತುಗಳನ್ನು ಮುಚ್ಚಿ ತೆರೆಯುವುದೆಂದರೆ ಆ ಗಾಳಿಯ ಕಂಬವನ್ನು ಉದ್ದ ಮಾಡುವುದು, ಗಿಡ್ಡ ಮಾಡುವುದು. ಕೊಳವೆ ಕ್ರಮವಾಗಿ ಅಗಲವಾಗುವುದರಿಂದ, ಉಸಿರಿನ ಒತ್ತಡ ಹೆಚ್ಚಿಸಿ ತುಟಿಯನ್ನು ತುಸು ಬಿಗಿಹಿಡಿದರೆ ಅದೇ ಬೆರಳುಗಳಲ್ಲಿ ಮೇಲಿನ ಸಪ್ತಕದ ಸ್ವರ ನುಡಿಯುತ್ತದೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಸಿದ್ಧವಾಗಿ ಬರುತ್ತದೆ. ಸನಾದಿಯಲ್ಲಿ ಹಾಗಿಲ್ಲ. ಬೆರಳು ಸರಿಯಾಗಿದ್ದೂ ತುಟಿ ಸಡಿಲವಾದರೆ ಸ್ವರ ಇಳಿಯುತ್ತದೆ, ಬಿಗಿಯಾದರೆ ಏರುತ್ತದೆ. ಆದ್ದರಿಂದ ಪ್ರತಿಯೊಂದು ಸ್ವರವನ್ನೂ ವಾದಕನು ಆ ಗಳಿಗೆಯಲ್ಲಿ ತಾನೇ ತಯಾರಿಸಬೇಕು.

ನನಗೆ ಕಲಿಸಿದವರು ಬೀಳಗಿ ತಾಲೂಕಿನ ನದಿದಂಡೆಯ ಒಂದು ಹಳ್ಳಿಯ ಹಿರಿಯರು. ಅವರನ್ನು ನಾನು ‘ಅಜ್ಜಾರು’ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮದುವೆಯ ಸುಗ್ಗಿಯಲ್ಲಿ ಅವರು ಬನಹಟ್ಟಿಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. 1968ರ ಬೇಸಿಗೆಯಲ್ಲಿ ನಾನು ಅವರ ಬಳಿಗೆ ಹೋಗಿ ಕಲಿಸಿರೆಂದು ಕೇಳಿದಾಗ ಅವರು ನಕ್ಕುಬಿಟ್ಟರು. ‘ಯಪ್ಪಾ, ನೀವು ಮಗ್ಗದ ಮನಿಯವರು. ಇದು ನಿಮಗ್ಯಾಕ ಬೇಕ್ರಿ?’ ಎಂದರು. ನಮ್ಮ ತಂದೆಗಂತೂ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಮದುವೆಯಲ್ಲಿ ಸನಾದಿ ಬೇಕು, ಅದು ಮಂಗಳಕರ. ಆದರೆ ಊದುವವರು ಹಂದರದ ಹೊರಗೆ ನಿಲ್ಲಬೇಕು. ಊಟವನ್ನು ಎಲ್ಲರದೂ ಮುಗಿದ ಮೇಲೆ ಕಟ್ಟೆಯ ಕೆಳಗೆ ಹಾಕುವುದು. ಅಂದಿನ ರೀತಿ ಹೀಗಿತ್ತು, ನಮ್ಮ ಮನೆಯಲ್ಲಿಯೂ ಹೀಗೆಯೇ ಇತ್ತು.

ಪಾಠ ಪತ್ತಿಯಿಂದಲೇ ಆರಂಭವಾಯಿತು. ಒಣಗಿದ ಪತ್ತಿ ನುಡಿಯುವುದಿಲ್ಲ. ನುಡಿದರೂ ಕೀರಲು ದನಿ. ಅದನ್ನು ಮೊದಲು ಬಾಯಲ್ಲಿಟ್ಟು ನೆನೆಸಬೇಕು. ಅತಿಯಾಗಿ ನೆನೆದರೆ ತುಟಿಗಳು ಅಂಟಿಕೊಂಡು ದನಿ ಗೊಗ್ಗರಾಗುತ್ತದೆ. ಹದ ತಿಳಿಯುವುದಕ್ಕೆ ಪತ್ತಿಯನ್ನು ಸನಾದಿಗೆ ಸಿಕ್ಕಿಸದೆ ಬರಿದೆ ಊದಿ ನೋಡುವುದುಂಟು. ಅದು ಒಂದೇ ಎತ್ತರದಲ್ಲಿ, ನಡುಗದೆ ಕೂಗಬೇಕು. ಒಂದು ಬದಿ ದಪ್ಪವಾಗಿದ್ದರೆ ಕೂಗು ಸೀಳುತ್ತದೆ. ಆಗ ಆ ಬದಿಯನ್ನು ಕೂದಲೆಳೆಯಷ್ಟು ಹೆರೆಯಬೇಕು. ಅಜ್ಜಾರು ಒಂದು ಪತ್ತಿಯನ್ನು ಬಾಯಲ್ಲಿಟ್ಟು ನೆನೆಸಿ, ಊದಿ ಹದ ನೋಡಿ, ‘ಹಿಡೀರಿ, ಇದರಾಗ ಊದ್ರಿ’ ಎಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದು ಒಂದು ಕ್ಷಣ ಸುಮ್ಮನೆ ನಿಂತೆ. ಆಮೇಲೆ ಧೋತರದ ಅಂಚಿನಿಂದ ಒರೆಸಿದೆ. ಅವರು ಏನೂ ಅನ್ನಲಿಲ್ಲ. ನನ್ನ ಕೈಯ ಕಡೆಗೆ ನೋಡಿ, ನೋಟವನ್ನು ಬೇರೆ ಕಡೆ ತಿರುಗಿಸಿದರು. ಒರೆಸಿದ ಪತ್ತಿ ಒಣಗಿ ನುಡಿಯಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂದಿನಿಂದ ಅವರು ನನಗೆಂದು ಬೇರೆಯೇ ಪತ್ತಿಗಳನ್ನು ಕಟ್ಟಿ ಕೊಡತೊಡಗಿದರು. ಹದ ನೋಡುವ ಕೆಲಸ ನನ್ನದೇ ಆಯಿತು. ನನಗೆ ಹದ ತಿಳಿಯದು. ಹೀಗೆ ನನ್ನ ವಿದ್ಯೆಗೆ ನಾನೇ ಮೊದಲ ವಿಘ್ನವನ್ನು ತಂದುಕೊಂಡೆ.

ಇನ್ನು ಉಸಿರಿನ ಮಾತು. ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ದನಿ ಬರಲಿಲ್ಲವೆಂದು ಗಂಟಲನ್ನು ಬಿಗಿದು, ತುಟಿಯನ್ನು ಕಚ್ಚಿ, ಕೆನ್ನೆಯ ಬಲದಿಂದ ಊದುವುದು. ಇದರಿಂದ ಪತ್ತಿಯ ಬಾಯಿ ಮುಚ್ಚಿಹೋಗುತ್ತದೆ, ಕಂಪನಕ್ಕೆ ಎಡೆಯೇ ಉಳಿಯುವುದಿಲ್ಲ. ದನಿ ತೆಳ್ಳಗಾಗಿ ಮೂಗಿನಿಂದ ಬಂದಂತೆ ಕೇಳಿಸುತ್ತದೆ. ಉಸಿರು ಹೊಟ್ಟೆಯ ಆಧಾರದಿಂದ ಬರಬೇಕು, ಗಂಟಲು ಆಕಳಿಸುವಾಗ ತೆರೆದಂತೆ ತೆರೆದಿರಬೇಕು, ತುಟಿಗಳು ಪತ್ತಿಯನ್ನು ಸುತ್ತಲೂ ಸಮನಾಗಿ ಹಿಡಿದಿರಬೇಕು. ಮೊದಲ ಮೂರು ತಿಂಗಳು ಅಜ್ಜಾರು ನನ್ನಿಂದ ರಾಗವನ್ನು ನುಡಿಸಲಿಲ್ಲ. ಬೆಳಗಿನ ಜಾವ ಒಂದೇ ಷಡ್ಜ. ಸಣ್ಣಗೆ ಆರಂಭಿಸಿ, ಮೆಲ್ಲಗೆ ತುಂಬಿ, ಮತ್ತೆ ಸಣ್ಣಗೆ ಮಾಡಿ ನಿಲ್ಲಿಸಬೇಕು. ದನಿ ಹಿಗ್ಗುವಾಗ ಸ್ವರ ಏರಬಾರದು, ಕುಗ್ಗುವಾಗ ಇಳಿಯಬಾರದು. ಕೇಳಲು ಸುಲಭ, ಮಾಡಿ ನೋಡಿದರೆ ಬೆವರು ಹರಿಯುತ್ತದೆ. ಏಕೆಂದರೆ ಉಸಿರು ಹೆಚ್ಚಿದಂತೆ ತುಟಿ ಕೂದಲೆಳೆಯಷ್ಟು ಸಡಿಲವಾಗಬೇಕು, ಉಸಿರು ಕಡಿಮೆಯಾದಂತೆ ಅಷ್ಟೇ ಬಿಗಿಯಬೇಕು. ಈ ಹೊಂದಾಣಿಕೆ ಕಿವಿಯ ಮೂಲಕವೇ ತುಟಿಗೆ ಬರತಕ್ಕದ್ದು.

ಜೊತೆಗೆ ಸುರ್ ಹಿಡಿಯುವ ವಿದ್ಯೆ. ಮುಖ್ಯ ವಾದಕನ ಪಕ್ಕದಲ್ಲಿ ಇನ್ನೊಬ್ಬನು ಸನಾದಿಯಲ್ಲಿಯೇ ಒಂದೇ ಶ್ರುತಿಯನ್ನು ಕಡಿಯದಂತೆ ನಿಲ್ಲಿಸಿಕೊಂಡಿರುತ್ತಾನೆ. ಅವನು ಎಲ್ಲಿ ಉಸಿರೆಳೆದುಕೊಳ್ಳುತ್ತಾನೆಂದು ಕೇಳುವವರಿಗೆ ಅಚ್ಚರಿ. ಗುಟ್ಟು ಇಷ್ಟೇ: ಕೆನ್ನೆಗಳಲ್ಲಿ ಗಾಳಿಯನ್ನು ಕೂಡಿಟ್ಟುಕೊಂಡು, ಅದನ್ನು ಕೆನ್ನೆಯ ಒತ್ತಡದಿಂದ ಹೊರಕ್ಕೆ ಬಿಡುತ್ತಿರುವ ಕ್ಷಣದಲ್ಲಿಯೇ ಮೂಗಿನಿಂದ ಉಸಿರೆಳೆದುಕೊಳ್ಳುವುದು. ಇದಕ್ಕೆ ಅಜ್ಜಾರು ಹೇಳಿಕೊಟ್ಟ ಅಭ್ಯಾಸ ಯಾರ ಮನೆಯಲ್ಲಿಯೂ ಸಾಧ್ಯ. ಒಂದು ತಂಬಿಗೆ ನೀರು, ಪಪ್ಪಾಯಿ ಎಲೆಯ ಪೊಳ್ಳು ದಂಟು. ದಂಟಿನಿಂದ ನೀರಿನೊಳಗೆ ಊದುತ್ತಿರಬೇಕು. ಗುಳ್ಳೆಗಳು ಒಂದು ಕ್ಷಣವೂ ನಿಲ್ಲಬಾರದು. ನನಗೆ ಇದು ಕೈವಶವಾಗಲು ಒಂದು ಮಳೆಗಾಲವೇ ಬೇಕಾಯಿತು.

ದನಿಯ ನಂತರ ನುಡಿ. ಸ್ವರವನ್ನು ಬಿಡಿಸಿ ಹೇಳುವ ಕೆಲಸ ನಾಲಗೆಯದು. ನಾಲಗೆಯ ತುದಿ ಪತ್ತಿಯ ತುದಿಯನ್ನು ಮುಟ್ಟಿದರೆ ಕಂಪನ ನಿಲ್ಲುತ್ತದೆ, ಬಿಟ್ಟರೆ ಸ್ವರ ಆರಂಭವಾಗುತ್ತದೆ. ಬಾಯಲ್ಲಿ ‘ತು’ ಎಂದಂತೆ ಬಿಟ್ಟರೆ ಸ್ವರಕ್ಕೆ ಚೂಪಾದ ಮೊದಲು; ‘ದು’ ಎಂದಂತೆ ಬಿಟ್ಟರೆ ಮೆತ್ತನೆಯ ಮೊದಲು. ನಾಲಗೆಯನ್ನು ಬಳಸದೆ ಬೆರಳಿನಿಂದಲೇ ಸರಿದರೆ ಮೀಂಡ್. ತೂತನ್ನು ಒಮ್ಮೆಲೆ ತೆರೆಯದೆ, ಬೆರಳಿನ ಮೆದು ಭಾಗದಿಂದ ಮೆಲ್ಲಗೆ ಸರಿಸಿ ತೆರೆದಾಗ ಸ್ವರದಿಂದ ಸ್ವರಕ್ಕೆ ಜಾರುವ ಆ ಗುಣ ಬರುತ್ತದೆ. ಕರಡಿ ಮಜಲಿನ ಚುರುಕು ನಡೆಗೆ ನಾಲಗೆ ಹೆಚ್ಚು ಬೇಕು. ಬೆಳಗಿನ ರಾಗದ ಆಲಾಪಕ್ಕೆ ಕಡಿಮೆ ಸಾಕು. ಎಲ್ಲ ಕಡೆಗೂ ‘ತು ತು’ ಎನ್ನುತ್ತ ಹೋದರೆ ಸನಾದಿ ಬಿಕ್ಕಳಿಸಿದಂತೆ ಕೇಳುತ್ತದೆ.

ನನ್ನ ನಾಲಗೆ ಬಹುಕಾಲ ಒರಟಾಗಿತ್ತು. ಪ್ರತಿ ಸ್ವರಕ್ಕೂ ಉಸಿರನ್ನು ನಿಲ್ಲಿಸಿ ಮತ್ತೆ ತಳ್ಳುತ್ತಿದ್ದೆ. ಒಂದು ದಿನ ಅಜ್ಜಾರು ನಮ್ಮ ಮನೆಯ ಕಿಟಕಿಯ ಹೊರಗೆ ನಿಂತು, ಒಳಗೆ ಕುಣಿಮಗ್ಗದಲ್ಲಿ ನೇಯುತ್ತಿದ್ದ ನಮ್ಮ ತಂದೆಯನ್ನು ತೋರಿಸಿದರು. ‘ನೋಡ್ರಿ, ಲಾಳಿ ಅತ್ಲಾಗ ಹೋಗಿ ಇತ್ಲಾಗ ಬರತೈತಿ. ಹಾಸು ಎಲ್ಲ್ಯಾರ ಕಡೀತೈತೇನು? ಉಸುರು ಹಾಸು, ನಾಲಿಗಿ ಹೊಕ್ಕು. ಹೊಕ್ಕು ಹೊಡಿಯೂದಕ್ಕ ಹಾಸು ಕಡೀಬ್ಯಾಡ್ರಿ’ ಎಂದರು. ನನ್ನ ಕುಲವೃತ್ತಿಯ ಮಾತಿನಲ್ಲಿಯೇ ಅವರು ತಮ್ಮ ವಿದ್ಯೆಯನ್ನು ತಿಳಿಸಿಕೊಟ್ಟರು. ಉಸಿರು ಒಂದೇ ಸಮನೆ ಹಿಂದಿನಿಂದ ಒತ್ತಿಕೊಂಡಿರಬೇಕು. ನಾಲಗೆ ಅದರ ಮುಂದೆ ಹಗುರಾಗಿ ಹಾಯಬೇಕು. ಅಭ್ಯಾಸಕ್ಕೆ ಮೊದಲು ಒಂದೇ ಸ್ವರದ ಮೇಲೆ ನಿಧಾನವಾಗಿ ನಾಲ್ಕು ‘ದು’, ಅನಂತರ ನಾಲ್ಕು ‘ತು’, ಅನಂತರ ಎರಡನ್ನೂ ಬೆರೆಸಿ. ವೇಗವನ್ನು ಕೇಳಿಕೊಂಡು ಹೋಗಬಾರದು, ಅದು ತಾನಾಗಿ ಬರುತ್ತದೆ. ಬೆರಳಿನ ಚಲನೆ ನಾಲಗೆಗಿಂತ ಮುಂದಾದರೂ ಹಿಂದಾದರೂ ಎರಡು ಸ್ವರಗಳ ನಡುವೆ ಮೂರನೆಯದೊಂದು ಕೊಳಕು ಸ್ವರ ಇಣುಕುತ್ತದೆ. ನಾಲಗೆಯ ದೋಷವೆಂದು ನಾವು ತಿಳಿದದ್ದು ಎಷ್ಟೋ ಸಲ ಬೆರಳಿನ ದೋಷವಾಗಿರುತ್ತದೆ.

ಈ ನಿಯಮಗಳು ಸನಾದಿಗೆ ಮಾತ್ರವೇ ಸೇರಿದವೆಂದು ತಿಳಿಯಬಾರದು. ಪಾಶ್ಚಾತ್ಯರ ವಾದ್ಯವೃಂದದಲ್ಲಿ ಫ್ರೆಂಚ್ ಹಾರ್ನ್ ಎಂಬುದೊಂದು ವಾದ್ಯವಿದೆ. ನಮ್ಮ ಕೊಂಬು ಕಹಳೆಗಳ ದೂರದ ಬಂಧು. ಸುಮಾರು ಹನ್ನೆರಡು ಅಡಿ ಉದ್ದದ ಹಿತ್ತಾಳೆಯ ಕೊಳವೆಯನ್ನು ಸುರುಳಿ ಸುತ್ತಿ ಮಾಡಿದ್ದು. ಬಲಗೈಯನ್ನು ಅದರ ಅಗಲ ಬಾಯಿಯೊಳಗಿಟ್ಟು ನುಡಿಸುತ್ತಾರೆ. ಅದಕ್ಕೆ ಪತ್ತಿಯಿಲ್ಲ. ವಾದಕನ ತುಟಿಗಳೇ ಪತ್ತಿ. ಮೇಲಿನ ಸ್ಥಾಯಿಯಲ್ಲಿ ಅದರ ಸ್ವರಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ತುಟಿಯ ಬಿಗಿ ಎಳ್ಳಷ್ಟು ತಪ್ಪಿದರೂ ಪಕ್ಕದ ಸ್ವರ ನುಡಿದುಬಿಡುತ್ತದೆ. ಅಲ್ಲಿಯೂ ಗುರುಗಳು ಹೇಳುವುದು ಇದನ್ನೇ: ದೀರ್ಘ ಸ್ವರಗಳನ್ನು ಸಾಧಿಸು, ವಾದ್ಯವನ್ನು ತುಟಿಗೆ ಒತ್ತಬೇಡ, ಊದುವ ಮೊದಲೇ ಸ್ವರವನ್ನು ಮನಸ್ಸಿನಲ್ಲಿ ಹಾಡಿಕೋ, ನಾಲಗೆಯನ್ನು ಹಗುರಾಗಿಡು. ಈ ವಾದ್ಯಕ್ಕೂ ಕನ್ನಡ ನಾಡಿಗೂ ಒಂದು ನಂಟುಂಟು. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಪೋಷಕರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಪ್ರಯೋಗಗೊಂಡದ್ದು ಅವರ ಬೆಂಬಲದಿಂದ. ಸ್ಟ್ರಾಸ್‌ನ ತಂದೆ ಹಾರ್ನ್ ವಾದಕ; ಆ ಗೀತೆಗಳಲ್ಲೊಂದು ಒಂಟಿ ಹಾರ್ನಿನ ದನಿಯಲ್ಲಿಯೇ ಮುಗಿಯುತ್ತದೆ. ಧ್ವನಿಮುದ್ರಿಕೆಯಲ್ಲಿ ಅದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಹೊಲದಾಚೆಯಿಂದ ಬರುತ್ತಿದ್ದ ಅಜ್ಜಾರ ಷಡ್ಜದ ನೆನಪಾಗುತ್ತದೆ.

ಈಗ ನನ್ನ ಅಪಜಯದ ಕಥೆ. ಕಲಿಯತೊಡಗಿ ಮೂರು ವರ್ಷಗಳಾಗಿದ್ದವು. ನನ್ನ ತಂಗಿಯ ಮದುವೆ. ತಂದೆಯ ಮನಸ್ಸು ಅಷ್ಟರಲ್ಲಿ ತುಸು ಕರಗಿತ್ತು. ಅಕ್ಷತೆಯ ಹೊತ್ತಿಗೆ ಹಂದರದೊಳಗೆ ನಾನು ಊದುವುದು, ಹೊರಗೆ ಅಜ್ಜಾರ ಮೇಳ ನಿಲ್ಲುವುದು ಎಂದಾಯಿತು. ಅಂದು ಬೆಳಿಗ್ಗೆ ಅಜ್ಜಾರು ತಾವು ವಾರವೆಲ್ಲ ಊದಿ ಪಳಗಿಸಿದ ಪತ್ತಿಯೊಂದನ್ನು ಕೊಡಲು ಬಂದರು. ಸುತ್ತಲೂ ಬೀಗರು ಕುಳಿತಿದ್ದರು. ‘ನನ್ನ ಹತ್ತಿರ ಇದೆ ಅಜ್ಜಾರ’ ಎಂದು ಹೇಳಿ ಕೈ ಹಿಂದೆಗೆದೆ. ಹೊಸ ಪತ್ತಿಯನ್ನು ಸಿಕ್ಕಿಸಿಕೊಂಡು ನಿಂತೆ. ಬೇಸಿಗೆಯ ಬಿಸಿಗಾಳಿ, ಹೆದರಿಕೆಯಿಂದ ಒಣಗಿದ ಬಾಯಿ. ಭಟ್ಟರ ಮಂತ್ರ ಮುಗಿದು ಅಕ್ಷತೆ ಹಾರುವ ಹೊತ್ತಿಗೆ ನಾನು ಊದಿದರೆ ಬಂದದ್ದು ಒಂದು ಕಿರುಚು, ಅನಂತರ ಬರಿಯ ಗಾಳಿ. ಜನ ನಗುವ ಮೊದಲೇ ಹಂದರದ ಹೊರಗಿನಿಂದ ತುಂಬಿದ ಷಡ್ಜವೊಂದು ಬಂದಿತು. ಅದರ ಬೆನ್ನಿಗೆ ಕರಡಿ, ತಾಳ. ನಾನು ಸನಾದಿಯನ್ನು ತುಟಿಗೆ ಹಿಡಿದುಕೊಂಡೇ ನಿಂತೆ. ಊದಿದವನು ನಾನೇ ಎಂದು ದೂರದವರು ತಿಳಿದರು. ಕೆಲವರು ಮೆಚ್ಚಿ ಬೆನ್ನು ತಟ್ಟಿದರು ಕೂಡ.

ಸಂಜೆ ಅಜ್ಜಾರು ಉಂಡು ಕೈತೊಳೆಯುವವರೆಗೆ ಕಾದು, ಕಟ್ಟೆಯ ಕೆಳಗೆ ಅವರ ಪಕ್ಕದಲ್ಲಿ ಕುಳಿತೆ. ತಪ್ಪಾಯಿತೆಂದು ಹೇಳುವ ಧೈರ್ಯ ಬರಲಿಲ್ಲ. ‘ಆ ಪತ್ತಿ ಕೊಡ್ರಿ ಅಜ್ಜಾರ’ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಸಂಚಿಯಿಂದ ಪತ್ತಿಯನ್ನು ತೆಗೆದು, ಬಾಯಲ್ಲಿಟ್ಟು ನೆನೆಸಿ, ಒಂದು ಸಲ ಊದಿ ನನ್ನ ಕೈಗೆ ಕೊಟ್ಟರು. ನಾನು ಒರೆಸಲಿಲ್ಲ. ಸನಾದಿಗೆ ಸಿಕ್ಕಿಸಿ ಊದಿದೆ. ಮೂರು ವರ್ಷಗಳಲ್ಲಿ ನನ್ನಿಂದ ಬಾರದಿದ್ದ ದನಿ ಅಂದು ಬಂದಿತು. ಇದರಲ್ಲಿ ಪವಾಡವೇನೂ ಇಲ್ಲ. ಹದವಾದ ಪತ್ತಿ, ಅಷ್ಟೇ. ಹದವೆಂದರೆ ಏನೆಂಬುದು ಮೊದಲ ಸಲ ನನ್ನ ತುಟಿಗೆ ತಿಳಿಯಿತು. ಆ ತಿಳಿವಳಿಕೆಯನ್ನು ಮಾತಿನಿಂದ ಕೊಡಲು ಬರುವುದಿಲ್ಲ. ಬಾಯಿಂದ ಬಾಯಿಗೆ ದಾಟಬೇಕು. ನಾನು ಮೂರು ವರ್ಷ ಅದನ್ನು ಬೇಡವೆಂದು ದೂರವಿಟ್ಟಿದ್ದೆ. ‘ಈಗ ಬಂತು ನೋಡ ತಮ್ಮಾ’ ಎಂದರು ಅಜ್ಜಾರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

1977ರಲ್ಲಿ ‘ಸನಾದಿ ಅಪ್ಪಣ್ಣ’ ಬಂದಾಗ ಅವರನ್ನು ಜಮಖಂಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ತೆರೆಯ ಮೇಲಿನ ಕಥೆಯನ್ನು ಅವರು ಅಷ್ಟಾಗಿ ಗಮನಿಸಿದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ ಖಾನ್ ಸಾಹೇಬರ ದನಿಯನ್ನು ಕೇಳುತ್ತಿದ್ದರು. ಹೊರಗೆ ಬಂದ ಮೇಲೆ, ‘ಆ ಬಾಯಾಗ ಅವಸರನ ಇಲ್ಲ’ ಎಂದು ಒಂದೇ ಮಾತು ಹೇಳಿದರು. 2001ರಲ್ಲಿ ಭಾರತರತ್ನ ಪಡೆದು 2006ರಲ್ಲಿ ತೀರಿಕೊಂಡ ಆ ಮಹಾವಾದಕನ ಬಗ್ಗೆ ಎಷ್ಟೋ ಲೇಖನಗಳನ್ನು ಓದಿದ್ದೇನೆ. ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ಕಂಡಿಲ್ಲ. ಮುಂದೆ ಅಜ್ಜಾರ ಹಲ್ಲುಗಳು ಬಿದ್ದವು. ತುಟಿಗೆ ಆಧಾರ ತಪ್ಪಿ ಅವರು ಊದುವುದನ್ನು ಬಿಟ್ಟರು. ಆದರೆ ಪತ್ತಿ ಹೆರೆಯುವುದನ್ನು ಬಿಡಲಿಲ್ಲ. ಅವರು ತೀರಿಕೊಂಡ ಕೆಲವು ವರ್ಷಗಳಿಗೆ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳೊಡನೆ ಅವರ ಹಳ್ಳಿಯೂ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು.

ಈಗ ಮದುವೆಗಳಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳೇ ಅಬ್ಬರಿಸುತ್ತವೆ. ಸನಾದಿ ಕೇಳಿಬಂದರೂ ಅನೇಕ ಸಲ ಅದು ಮುದ್ರಿಸಿಟ್ಟ ದನಿ. ಆದರೂ ಭಜಂತ್ರಿ ಮನೆಗಳ ತರುಣರು ಕೆಲವರು ಇನ್ನೂ ಊದುತ್ತಿದ್ದಾರೆ. ಮುಂದಿನ ಸಲ ನಿಮ್ಮ ಊರಿನ ಮದುವೆಯಲ್ಲೋ ಜಾತ್ರೆಯಲ್ಲೋ ನಿಜವಾದ ಸನಾದಿ ಕಿವಿಗೆ ಬಿದ್ದರೆ ಒಂದು ಗಳಿಗೆ ನಿಂತು ಕೇಳಿರಿ. ಸ್ವರ ಹಿಗ್ಗುವಾಗ ಶ್ರುತಿ ಅಲುಗುತ್ತದೆಯೇ? ಸ್ವರದ ಮೊದಲು ‘ತು’ ಎಂದು ಬಂದಿತೇ, ‘ದು’ ಎಂದೇ? ಸುರ್ ಹಿಡಿದವನ ದಾರ ಎಲ್ಲಾದರೂ ಕಡಿಯಿತೇ? ಹೀಗೆ ಕೇಳತೊಡಗಿದರೆ ಆ ಮೇಳ ನಿಮಗೆ ಬರಿಯ ಮಂಗಳದ ಗದ್ದಲವಾಗಿ ಉಳಿಯುವುದಿಲ್ಲ. ಮತ್ತು ಊದುವವರನ್ನು ಹಂದರದೊಳಕ್ಕೆ ಕರೆದು, ಕೂರಲು ಜಾಗವನ್ನೂ ಕುಡಿಯಲು ಒಂದು ತಂಬಿಗೆ ನೀರನ್ನೂ ಕೊಡಿರಿ. ಬಾಯಿ ಒಣಗಿದರೆ ಪತ್ತಿ ನುಡಿಯುವುದಿಲ್ಲವೆಂಬುದನ್ನು ನೀವು ಈಗ ತಿಳಿದಿದ್ದೀರಿ.